ಅಕ್ಕ ತಂಗಿಯನ್ನು ಮುಚ್ಚಿದಳು

ಹಸಿ ಸುಣ್ಣದ ವಾಸನೆ ಮೂಗಿಗೆ ಬಿದ್ದರೆ ಸಾಕು, ಸ್ಟೆನೋ ಅಮ್ಮ ಅರವತ್ತೆರಡರ ವಯಸ್ಸಿನಿಂದ ಏಳಕ್ಕೆ ಇಳಿದುಬಿಡುತ್ತಿದ್ದರು. ಅಜ್ಜಿಯ ಮನೆಗೆ ಸುಣ್ಣ ಬಳಿಯುವ ದಿನ ಮಕ್ಕಳನ್ನೆಲ್ಲ ಹೊರಗಟ್ಟುತ್ತಿದ್ದರು. ಉಳಿದವರು ಆಡಲು ಓಡಿದರೆ ಇವರೊಬ್ಬರು ಕಿಟಕಿಯ ಸರಳಿಗೆ ಮೂಗು ಒತ್ತಿ ನಿಂತು, ಆ ತಣ್ಣನೆಯ, ತುಸು ಕಟುವಾದ ವಾಸನೆಯನ್ನು ಎಳೆದುಕೊಳ್ಳುತ್ತಿದ್ದರು. ಮೊದಲ ದಿನ ಗಾಢ. ಎರಡನೆಯ ದಿನ ತೆಳು. ನಾಲ್ಕನೆಯ ದಿನಕ್ಕೆ ಎಷ್ಟು ಎಳೆದರೂ ಬರೀ ಗೋಡೆ.

ಇವತ್ತು ಗುರುವಾರ. ಬಂದರಿನ ಹಿಂದಿನ ಏರಿನ ಮೇಲೆ, ಆಳೆತ್ತರದ ಒಂದು ಕಲ್ಲುಕಂಬದ ಬುಡದಲ್ಲಿ ನಿಂತಿದ್ದ ಅವರಿಗೆ ಆ ಎರಡನೆಯ ದಿನದ ವಾಸನೆ ಬರುತ್ತಿತ್ತು.

"ತಾತ, ಈ ಕಂಬಕ್ಕೆ ಸುಣ್ಣ ಹೊಡೆದು ಎಷ್ಟು ದಿನ ಆಯ್ತು?"

ತಾತ ಈ ಊರಿನ ಅತಿ ಹಿರಿಯ ಅಂಬಿಗ. ಐವತ್ತು ವರ್ಷ ದೋಣಿ ನಡೆಸಿ, ಈಗ ಬೆನ್ನು ಬಾಗಿ ದಡ ಸೇರಿದವರು.

"ವರ್ಷಕ್ಕೊಂದ್ಸಲ ಹೊಡೀತಾರೆ ತಾಯಿ. ಐದು ತಿಂಗಳಾಯ್ತು."

"ನನ್ನ ಮೂಗು ಎರಡು ದಿನ ಅಂತಿದೆ."

"ಪೇಟೆ ಮೂಗು ನಿಮ್ಮದು. ನಮ್ಮ ಮೂಗಿಗೆ ಮೀನು ಬಿಟ್ರೆ ಇನ್ನೇನೂ ತಿಳಿಯಲ್ಲ."

ಸ್ಟೆನೋ ಅಮ್ಮ ತುರುಬಿನಿಂದ ಒಂದು ಹೇರ್‌ಪಿನ್ ಎಳೆದು ಕಂಬದ ಮೇಲೆ ಗೀಚಿದರು. ಬಿಳಿ ಪುಡಿ ಉದುರಿತು. ಅದರ ಕೆಳಗೆ ಬೂದು. ಒದ್ದೆ ಬಂಡೆಯ ಬಣ್ಣದ ಬೂದು. ಇನ್ನೂ ಗೀಚಿದರು. ಬೂದು ಬಣ್ಣದ ಕೆಳಗೆ ಮತ್ತೆ ಬಿಳಿ, ಹಳೆಯದು, ಹಳದಿಗಟ್ಟಿದ್ದು.

ತಾತ ಬಗ್ಗಿ ನೋಡಿದರು. ತಮಾಷೆ ಮುಖದಿಂದ ಇಳಿದುಹೋಯಿತು.

"ಈ ಬೂದು ಎಲ್ಲಿಂದ ಬಂತು?"

"ಅದನ್ನೇ ನಾನು ನಿಮ್ಮನ್ನ ಕೇಳ್ಬೇಕು ಅಂತಿದ್ದೆ."

ಕೆಳಗೆ ಬಂದರಿನ ಬಾಯಿಯಲ್ಲಿ, ಒಡೆದ ದೋಣಿಯ ಮೂತಿ ಇನ್ನೂ ಬಂಡೆಯ ಮೇಲೆ ಸಿಕ್ಕಿಕೊಂಡಿತ್ತು. ಸೋಮವಾರ ಸಂಜೆ, ಚೆನ್ನಾಗಿ ಬೆಳಕಿರುವಾಗಲೇ, ಆಚೆ ದಡದಿಂದ ಬಂದ ದೋಣಿ ಅಲ್ಲಿ ಬಡಿದಿತ್ತು. ಹನ್ನೊಂದು ಜನರೂ ಬದುಕಿದರು. ಅಂಬಿಗನ ತಲೆಗೆ ಪೆಟ್ಟು ಬಿದ್ದು, ಮೂರು ಮಾತು ಆಡಿ ಪ್ರಜ್ಞೆ ತಪ್ಪಿದವನು ಇನ್ನೂ ಆಸ್ಪತ್ರೆಯಲ್ಲಿದ್ದ. ಆ ಮೂರು ಮಾತಿನಿಂದಾಗಿ ಸ್ಟೆನೋ ಅಮ್ಮ ಇಳಿದುಕೊಂಡಿದ್ದ ವಸತಿಗೃಹದ ಒಡತಿಯರಾದ ಇಬ್ಬರು ಅಕ್ಕತಂಗಿಯರಲ್ಲಿ ಕಿರಿಯವಳು ಈಗ ಠಾಣೆಯಲ್ಲಿ ಕೂತಿದ್ದಳು. ಒಂದು ಗಂಟೆಗೆ ವ್ಯಾನು ಬಂದು ಅವಳನ್ನು ಜಿಲ್ಲಾ ಜೈಲಿಗೆ ಒಯ್ಯುವುದಿತ್ತು.

ಈಗ ಹನ್ನೆರಡು.

ಸ್ಟೆನೋ ಅಮ್ಮ ಮೊಣಕಾಲು ನೋವಿಗೆಂದು ಎಂಟು ದಿನ ಕಡಲ ಗಾಳಿ ಕುಡಿಯಲು ಬಂದವರು. ಇದು ಹನ್ನೊಂದನೆಯ ದಿನ. ಕ್ಷೌರದಂಗಡಿಯ ಗಡಿಯಾರ ಹತ್ತು ನಿಮಿಷ ಹಿಂದಿದ್ದರೆ ಇಡೀ ಪೇಟೆಯೇ ಅದಕ್ಕೆ ಕಾದು ಹತ್ತು ನಿಮಿಷ ತಡವಾಗಿ ಬಾಗಿಲು ಹಾಕುವ ಊರು ಇದು. ಬಂದ ಮೊದಲ ಸಂಜೆ ಬಸ್ಸಿನಿಂದ ಇಳಿದು ಕಾಲು ಜೋಮು ಹಿಡಿದು ನಿಂತಿದ್ದ ಅವರನ್ನು ನೋಡಿ, ಹೆಸರೂ ಕೇಳದೆ ಪೆಟ್ಟಿಗೆ ಹೊತ್ತು ನಡೆದವಳು ಆ ಕಿರಿಯವಳು. ಮೆಟ್ಟಿಲು ಹತ್ತಲು ಕಷ್ಟವೆಂದು ಕೆಳಗಿನ ತನ್ನ ಕೋಣೆಯನ್ನೇ ಬಿಟ್ಟುಕೊಟ್ಟು, ತಾನು ಮೇಲಕ್ಕೆ ಹೋಗಿ ಮಲಗಿದವಳು. ಅಂಥವಳು ಹನ್ನೊಂದು ಜನರನ್ನು ನೀರಿಗೆ ತಳ್ಳುವಳೆಂದರೆ ಅವರಿಗೆ ನಂಬಿಕೆಯಾಗಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಬೇರೆಯವರ ಮಾತನ್ನು ಶೀಘ್ರಲಿಪಿಯಲ್ಲಿ ಇಳಿಸಿಕೊಂಡವರಿಗೆ, ಅಂಥ ನಂಬಿಕೆ ಸಾಕ್ಷಿಯಲ್ಲ ಎಂದೂ ಗೊತ್ತಿತ್ತು.

"ಕೂತ್ಕೊಳ್ಳಿ ತಾತ. ಅಂಬಿಗ ಹೇಳಿದ್ದು ಓದ್ತೀನಿ. ಬೆಳಿಗ್ಗೆ ಕಾನ್‌ಸ್ಟೇಬಲ್ ಪುಸ್ತಕದಿಂದ ಇಳಿಸ್ಕೊಂಡೆ."

"ಇನ್‌ಸ್ಪೆಕ್ಟರ್ ಯಾರಿಗೂ ತೋರಿಸ್ತಿಲ್ಲ ಅಂತ ಊರೆಲ್ಲ ಗುಲ್ಲು."

"ಇನ್‌ಸ್ಪೆಕ್ಟರ್ ತೋರಿಸಲಿಲ್ಲ. ಕಾನ್‌ಸ್ಟೇಬಲ್ ಅಕ್ಷರ ಮುದ್ದಾಗಿದೆ ಅಂದೆ, ಅವನೇ ತೋರಿಸ್ದ."

ಅವರು ಓದಿದರು, ಅಂಬಿಗ ಆಡಿದ ಹಾಗೆಯೇ.

"ತಂಗಿ ಮೋಸ ಮಾಡಿದ್ಲು. ಅಕ್ಕ ತಂಗೀನ ಸರಿಯಾಗೇ ಮುಚ್ಚಿದ್ಲು. ಆದ್ರೂ ಕಲ್ಲು."

ತಾತ ಅವರ ಕೈಯಲ್ಲಿದ್ದ ಕಾಗದದ ಕಡೆ ಬಗ್ಗಿದರು.

"ಇದನ್ನ ಬರ್ಕೊಂಡೋನು ಯಾವ ಕಡೆಯೋನು?"

"ಒಳನಾಡು. ಇನ್‌ಸ್ಪೆಕ್ಟರೂ ಅಷ್ಟೆ. ತಂಗಿ ಮೋಸ ಮಾಡಿದ್ಲು, ಅಕ್ಕ ಅದನ್ನ ಮುಚ್ಚಿಹಾಕಿದ್ಲು, ತಂಗೀದು ಕಲ್ಲು ಮನಸ್ಸು. ಹೀಗೆ ಅರ್ಥ ಮಾಡ್ಕೊಂಡಿದಾರೆ."

ತಾತನ ಹೊಟ್ಟೆ ಕುಲುಕತೊಡಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಆಮೇಲೆ ನಗು ಥಟ್ಟನೆ ನಿಂತಿತು.

"ತಾಯಿ, ನೀವು ಇಷ್ಟೊತ್ತು ಹೇರ್‌ಪಿನ್ನಲ್ಲಿ ಕೆರೀತಾ ಇದ್ರಲ್ಲ, ಅವಳೇ ತಂಗಿ."

ಸ್ಟೆನೋ ಅಮ್ಮ ಪಿನ್ನು ಹಿಡಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿದರು.

"ಅಲ್ಲಿ ನೀರಂಚಿನಲ್ಲಿ ದೊಡ್ಡ ಕಂಬ ಇದೆಯಲ್ಲ, ಅವಳು ಅಕ್ಕ," ತಾತ ಬೆರಳು ತೋರಿಸಿದರು. "ಸಮುದ್ರದಿಂದ ಬರುವಾಗ ಇಬ್ರೂ ಬೇರೆ ಬೇರೆ ಕಾಣ್ತಾರೆ. ದೋಣೀನ ಸರಿಸ್ತಾ ಸರಿಸ್ತಾ ಬಂದ್ರೆ ಒಂದು ಕಡೆ ಅಕ್ಕ ತಂಗೀನ ಪೂರ್ತಿ ಮುಚ್ಚಿಬಿಡ್ತಾಳೆ. ಅದೇ ದಾರಿ. ಆ ಗೆರೆ ಹಿಡಿದು ಬಂದ್ರೆ ಕೆಳಗೆ ಒಂದು ಬಂಡೆಯೂ ಇಲ್ಲ. ನಾವು ದೋಣಿಯೋರು ಮಾತ್ರ ಹಂಗೆ ಕರೆಯೋದು. ಊರಿನೋರಿಗೆ ಇದು ಸುಣ್ಣದ ಕಂಬ, ಅಷ್ಟೆ."

"ಹಾಗಾದ್ರೆ ಅವನು ಹೇಳಿದ್ದು..."

"ಅಕ್ಕ ತಂಗೀನ ಸರಿಯಾಗೇ ಮುಚ್ಚಿದ್ಲು, ನಾನು ಸರಿ ದಾರೀಲೇ ಬಂದೆ, ಆದ್ರೂ ಕಲ್ಲು ಸಿಕ್ತು ಅಂತ. ತಂಗಿ ಇರೋ ಜಾಗದಲ್ಲಿ ಇರಲಿಲ್ಲ ಅಂತ."

ಅಷ್ಟು ಹೇಳಿ ತಾತ ತಾವೇ ಬೆಚ್ಚಿದರು. ಇಬ್ಬರೂ ಕಂಬದ ಬೂದು ಗೀರನ್ನು ನೋಡಿದರು.

ಸೋಮವಾರ ಈ ಕಂಬ ಬಿಳಿಯಾಗಿರಲಿಲ್ಲ. ಹಿಂದಿನ ಬಂಡೆಗಳ ಬಣ್ಣದಲ್ಲಿ ಕರಗಿಹೋಗಿತ್ತು. ಹಾಗಾದರೆ ಅಂಬಿಗನಿಗೆ ಕಂಡ ತಂಗಿ ಬೇರೆ ಯಾವುದೋ ಇರಬೇಕು. ಸ್ಟೆನೋ ಅಮ್ಮ ಮೊಣಕಾಲಿನ ಮಾತು ಕೇಳದೆ ಏರಿನುದ್ದಕ್ಕೂ ನಡೆದರು. ಅರವತ್ತು ಹೆಜ್ಜೆ. ಮುಚ್ಚಿಹೋದ ಐಸ್ ಕಾರ್ಖಾನೆಯ ಮೂಲೆಗೋಡೆ. ಗೋಡೆಯ ಮೇಲೆ ಕಂಬದಷ್ಟೇ ಅಗಲದ, ಕಂಬದಷ್ಟೇ ಎತ್ತರದ ಒಂದು ಪಟ್ಟಿ, ಉಳಿದ ಗೋಡೆಗಿಂತ ಚೊಕ್ಕಟವಾಗಿತ್ತು. ಯಾರೋ ತಿಕ್ಕಿ ತೊಳೆದಿದ್ದರು. ಗೋಡೆ ತೊಳೆದವರಿಗೆ ಕೆಳಗಿನ ಹುಲ್ಲು ತೊಳೆಯುವುದು ಹೊಳೆದಿರಲಿಲ್ಲ. ಹುಲ್ಲಿನ ಎಸಳುಗಳೆಲ್ಲ ಸುಣ್ಣದ ನೀರು ಕುಡಿದು ಬೆಳ್ಳಗಾಗಿದ್ದವು.

"ಯಾರೂ ನೋಡಲಿಲ್ವಾ ತಾತ?"

"ಸುಣ್ಣ ಹೊಡೆಯೋದೇ ಸಮುದ್ರದ ಕಡೆ ಮುಖಕ್ಕೆ. ದಡದಲ್ಲಿರೋರಿಗೆ ಕಾಣೋದು ಬೆನ್ನು. ಎದುರಿನ ಠಾಣೆಯೋರಿಗೆ ಕಂಡ್ರೂ ಅವರಿಗೆ ಗುರುತು ತಿಳಿಯಲ್ಲ. ಮೀನುದೋಣಿಯೆಲ್ಲ ಈ ವಾರ ತಳಕ್ಕೆ ಎಣ್ಣೆ ಬಳಿಸ್ಕೊಳ್ಳೋಕೆ ದಡ ಹತ್ತಿವೆ. ಸೋಮವಾರ ಸಮುದ್ರದಿಂದ ಬಂದಿದ್ದು ಅದೊಂದೇ ದೋಣಿ. ಬೆಳಿಗ್ಗೆ ಹೊರಡುವಾಗ ಅಂಬಿಗನ ಬೆನ್ನು ಕಂಬದ ಕಡೆ."

"ಬನ್ನಿ. ನಿಮ್ಮ ಬೆನ್ನು, ನನ್ನ ಮೊಣಕಾಲು, ಎರಡೂ ಸೇರಿದ್ರೆ ಒಬ್ಬ ಮನುಷ್ಯನಷ್ಟು ಬೇಗ ನಡೀಬಹುದು."

ದಾರಿಯಲ್ಲಿ ಸಿಕ್ಕ ಬಲೆ ಹೆಣೆಯುವವಳ ಹತ್ತಿರ ಅವರು ಒಂದು ಮಾತು ಹೇಳಿ ಕಳಿಸಿದರು: ಊರಿಗೆಲ್ಲ ಸುಣ್ಣ ಬಳಿಯುವವನು ಒಬ್ಬನೇ ತಾನೆ, ಅವನನ್ನು ಠಾಣೆಗೆ ಬರಹೇಳಿ.

ಠಾಣೆ ಇರುವುದು ಕೊಲ್ಲಿಯ ಎದುರು ಬದಿಗೆ, ಸಮುದ್ರಕ್ಕೆ ಚಾಚಿದ ನೆಲದ ಮೂಗಿನ ಮೇಲೆ. ಹಿಂದೆ ಸುಂಕದ ಕಟ್ಟಡವಾಗಿದ್ದದ್ದು. ಹನ್ನೆರಡು ಕಮಾನುಗಳ ಉದ್ದನೆಯ ಜಗಲಿ. ಅದರ ಬೆಂಚಿನ ಮೇಲೆ ಕಿರಿಯವಳು ತಲೆ ತಗ್ಗಿಸಿ ಕೂತಿದ್ದಳು. ಅವಳ ಪಕ್ಕದಲ್ಲಿ ಕಾನ್‌ಸ್ಟೇಬಲ್ ನಿಂತಿದ್ದ. ಕಾಯುತ್ತಿದ್ದಾನೆಂದು ನೋಡಿದವರು ಅಂದುಕೊಳ್ಳಬೇಕು. ನಿಜಕ್ಕೂ ಅವಳ ಮುಖಕ್ಕೆ ಬಿಸಿಲು ಬೀಳದ ಹಾಗೆ ನಿಂತಿದ್ದ. ಸ್ಟೆನೋ ಅಮ್ಮ ಅದನ್ನು ಗಮನಿಸಿದರು, ಅವನಿಗೆ ಮುಜುಗರವಾಗದಿರಲೆಂದು ಬೇರೆ ಕಡೆ ನೋಡಿದರು. ಹಿರಿಯವಳು ಜಗಲಿಯ ಕಂಬಕ್ಕೊರಗಿ, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೆಟ್ಟಿಲ ಕೆಳಗೆ ಊರಿನ ಅಂಬಿಗರು ಏಳೆಂಟು ಜನ ಗುಂಪುಗೂಡಿದ್ದರು.

ವ್ಯಾನು ಆಗಲೇ ಬಂದಿತ್ತು.

ಇನ್‌ಸ್ಪೆಕ್ಟರ್ ಚಿಕ್ಕ ವಯಸ್ಸಿನವನು, ಇಸ್ತ್ರಿ ಮುರಿಯದವನು. "ಅಮ್ಮ, ನಿಮ್ಮ ಬಗ್ಗೆ ಗೌರವ ಇದೆ. ಆದ್ರೆ ಇದು ಗಾಯಾಳುವಿನ ಹೇಳಿಕೆ."

"ಹೇಳಿಕೆ ಒಂದ್ಸಲ ಓದಿ."

"ತಂಗಿಯು ಮೋಸ ಮಾಡಿದಳು. ಅಕ್ಕನು ಅದನ್ನು ಮುಚ್ಚಿಹಾಕಿದಳು. ಆಕೆಯದು ಕಲ್ಲು ಹೃದಯ."

"'ಅದನ್ನು' ಅನ್ನೋ ಪದ ಅವನು ಹೇಳಿದ್ನಾ?"

"ಅರ್ಥ ಅದೇ ಅಲ್ವಾ?"

"ನಾನು ಅರ್ಥ ಕೇಳಲಿಲ್ಲ ಸಾರ್. ಮೂವತ್ತನಾಲ್ಕು ವರ್ಷ ನಾನು ಅರ್ಥ ಬರೆದಿಲ್ಲ. ಆಡಿದ್ದನ್ನ ಬರೆದೆ. ಹೃದಯ ಅಂದ್ನಾ?"

ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್ ಕಡೆ ನೋಡಿದ. ಕಾನ್‌ಸ್ಟೇಬಲ್ ಗಂಟಲು ಸರಿಮಾಡಿಕೊಂಡ. "ಇಲ್ಲ ಸಾರ್. ಕಲ್ಲು ಅಂದ, ಅಷ್ಟೆ. ಹೃದಯ ನೀವು ಸೇರಿಸಿದ್ರಿ."

ಮೆಟ್ಟಿಲ ಕೆಳಗೆ ಯಾರೋ ಕೆಮ್ಮಿ ನಗು ನುಂಗಿದರು.

"ಹೇಳಿಕೆ ಇರಲಿ," ಇನ್‌ಸ್ಪೆಕ್ಟರ್ ಕೆಂಪಾದ. "ಆಚೆ ದಡದಲ್ಲಿ ಟಿಕೆಟ್ ತಗೊಂಡು, ದೋಣಿ ಹತ್ತಿ, ಹೊರಡೋ ಹೊತ್ತಿಗೆ ಇವರು ಇಳಿದುಬಿಟ್ಟಿದಾರೆ. ಯಾಕೆ? ಒಡೆಯುತ್ತೆ ಅಂತ ಮೊದಲೇ ಗೊತ್ತಿತ್ತು."

"ಯಾಕಮ್ಮ ಇಳಿದೆ?" ಸ್ಟೆನೋ ಅಮ್ಮ ಕೇಳಿದರು.

ಕಿರಿಯವಳು ತಲೆಯೆತ್ತಲಿಲ್ಲ. "ಹೇಳಿದೀನಲ್ಲ. ದೋಣಿ ತುಂಬಿತ್ತು. ಒಬ್ಬಳು ಕೈಗೂಸು ಹಿಡ್ಕೊಂಡು ದಡದಲ್ಲೇ ಉಳಿದಿದ್ಲು, ಮಗು ಅಳ್ತಿತ್ತು. ನಾನು ಬಸ್ಸಲ್ಲಿ ಸುತ್ತಿ ಬಂದ್ರಾಯ್ತು ಅಂತ ಜಾಗ ಬಿಟ್ಟೆ. ಅವಳ ಹೆಸರು ಕೇಳಿದ್ರು. ನಂಗೊತ್ತಿಲ್ಲ."

ಹೆಸರು ಕೇಳದೆ ಪೆಟ್ಟಿಗೆ ಹೊರುವವಳು ಹೆಸರು ಕೇಳದೆ ಜಾಗವನ್ನೂ ಬಿಡುತ್ತಾಳೆ. ಸ್ಟೆನೋ ಅಮ್ಮನಿಗೆ ಅಷ್ಟು ಸಾಕಾಗಿತ್ತು. ಇನ್‌ಸ್ಪೆಕ್ಟರ್‌ಗೆ ಬೇರೆಯದು ಬೇಕಿತ್ತು.

"ಈಗ ನಾನು ಓದ್ತೀನಿ. ಅವನು ಆಡಿದ್ದು, ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ." ಅವರು ಜಗಲಿಗೆಲ್ಲ ಕೇಳುವ ಹಾಗೆ, ಕೋರ್ಟಿನ ಧ್ವನಿಯಲ್ಲಿ ಓದಿದರು. "ತಂಗಿ ಮೋಸ ಮಾಡಿದ್ಲು. ಅಕ್ಕ ತಂಗೀನ ಸರಿಯಾಗೇ ಮುಚ್ಚಿದ್ಲು. ಆದ್ರೂ ಕಲ್ಲು."

ಮೆಟ್ಟಿಲ ಕೆಳಗಿನ ಅಂಬಿಗರೆಲ್ಲ ಒಟ್ಟಿಗೆ ಕತ್ತು ತಿರುಗಿಸಿ ಕೊಲ್ಲಿಯಾಚೆ ನೋಡಿದರು. ಬೆಂಚಿನ ಮೇಲೆ ಕಿರಿಯವಳು ತಲೆಯೆತ್ತಿದಳು. ಅವಳೂ ಅತ್ತಲೇ ನೋಡಿದಳು. ಮೂರು ದಿನದ ಮೇಲೆ ಮೊದಲ ಸಲ ಅವಳ ಮುಖ ಬಿಚ್ಚಿಕೊಂಡಿತು.

"ಅಯ್ಯೋ ದೇವರೆ," ಅಂದಳು. "ಅವನು ಕಂಬಾನ ಬೈದಿದ್ದಾ?"

ಹಿರಿಯವಳು ಮಾತ್ರ ಕತ್ತು ತಿರುಗಿಸಲಿಲ್ಲ. ಸೆರಗು ಬಾಯಿಗೆ ಒತ್ತಿದ್ದು ಒತ್ತಿದ ಹಾಗೇ ಇತ್ತು.

"ಯಾವ ಕಂಬ?" ಇನ್‌ಸ್ಪೆಕ್ಟರ್ ಕೇಳಿದ.

"ನಮ್ಮ ಅಕ್ಕ ತಂಗಿ, ಸಾಹೇಬ್ರೆ," ತಾತ ಮುಂದೆ ಬಂದರು. "ಅವರಿಬ್ಬರಿಗೂ ಬಾಯಿಲ್ಲ, ಹೃದಯಾನೂ ಇಲ್ಲ. ಬರೀ ಸುಣ್ಣ."

"ನನ್ನ ಜೊತೆ ಬನ್ನಿ ಸಾರ್," ಸ್ಟೆನೋ ಅಮ್ಮ ಹೇಳಿದರು. "ಮೊದಲನೇ ಕಮಾನಿಂದ ನಡೀತಾ ಬನ್ನಿ. ಕಣ್ಣು ಆ ಎರಡು ಬಿಳಿ ಕಂಬದ ಮೇಲಿರ್ಲಿ."

ಇಸ್ತ್ರಿ ಮುರಿಯದ ಇನ್‌ಸ್ಪೆಕ್ಟರ್ ಅರವತ್ತೆರಡರ ಹೆಂಗಸಿನ ಮಾತಿಗೆ ತಲೆಬಾಗಿ ಹೆಜ್ಜೆ ಹಾಕತೊಡಗಿದ. ಎರಡನೆಯ ಕಮಾನು. ಮೂರನೆಯದು. ಕಂಬಗಳು ಹತ್ತಿರವಾದವು. ಐದು. ಆರು. ಅಂಬಿಗರು ಮೆಟ್ಟಿಲು ಹತ್ತಿ ಅವನ ಹಿಂದೆಯೇ ಬಂದರು. ಏಳನೆಯ ಕಮಾನಿನಲ್ಲಿ ಅವನು ತಾನಾಗಿಯೇ ನಿಂತ.

"ಒಂದು ಕಂಬ ಇಲ್ಲ."

"ಇದೆ. ಅಕ್ಕ ತಂಗೀನ ಮುಚ್ಚಿದ್ಲು," ಅಂದ ಒಬ್ಬ ಅಂಬಿಗ.

"ಇಲ್ಲಿಂದ ಆ ಕಂಬಗಳವರೆಗೆ ನೀರಿನ ಮೇಲೆ ಒಂದು ಗೆರೆ ಎಳೀರಿ," ಸ್ಟೆನೋ ಅಮ್ಮ ಅಂದರು. "ಅದೇ ದೋಣಿ ದಾರಿ. ಈಗ ಆ ಐಸ್ ಕಾರ್ಖಾನೆ ಮೂಲೆ ನೋಡಿ. ಆ ಮೂಲೆ ಬಿಳಿಯಾಗಿ, ತಂಗಿ ಬೂದಾಗಿದ್ರೆ? ಅಕ್ಕ ಯಾರನ್ನ ಮುಚ್ಚಬೇಕು? ಎಲ್ಲಿಗೆ ಹೋಗಿ ನಿಲ್ತೀರಿ ನೀವು?"

ಅವನು ಮತ್ತೆ ನಡೆದ. ಎಂಟು, ಒಂಬತ್ತು, ಹನ್ನೊಂದು. ಹನ್ನೊಂದರಲ್ಲಿ ಅಕ್ಕ ಆ ಮೂಲೆಯನ್ನು ಮುಚ್ಚಿದಳು; ಅವನು ನಿಂತು, ಅಲ್ಲಿಂದ ಅಕ್ಕನವರೆಗೆ ನೀರಿನ ಮೇಲೆ ಕಣ್ಣು ಹಾಯಿಸಿದ. ಅವನ ಕಣ್ಣೆದುರು, ಗೆರೆ ಎಳೆದ ಹಾಗೆ, ಬಂಡೆಯ ಮೇಲೆ ಒಡೆದ ದೋಣಿಯ ಮೂತಿ.

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಸ್ಟೆನೋ ಅಮ್ಮ ಮೂರು ಪದರದ ಕಥೆ ಹೇಳಿದರು, ತೊಳೆದ ಗೋಡೆಯ ಕಥೆ ಹೇಳಿದರು, ಕರವಸ್ತ್ರದಲ್ಲಿ ಕಟ್ಟಿ ತಂದಿದ್ದ ಬಿಳಿ ಹುಲ್ಲನ್ನು ಮೇಜಿನ ಮೇಲೆ ಬಿಚ್ಚಿಟ್ಟರು. "ತಂಗಿಗೆ ಮತ್ತೆ ಸುಣ್ಣ ಬಿದ್ದಿದ್ದು ಮಂಗಳವಾರ. ಆ ಹೊತ್ತಿಗೆ ಈ ಮಗು ನಿಮ್ಮ ಬೆಂಚಿನ ಮೇಲಿತ್ತು. ಇಲ್ಲಿಂದ ಕೊಲ್ಲಿಯಾಚೆಗೆ ಕೈ ಚಾಚಿ ಸುಣ್ಣ ಹೊಡೆಯೋಕೆ ಆಗುತ್ತಾ?"

ಅವನು ಹುಲ್ಲಿನ ಒಂದು ಎಸಳನ್ನು ಬೆರಳಲ್ಲಿ ಉಜ್ಜಿ ನೋಡಿದ. ಒಳಗೆ ಹೋಗಿ, ಟೇಪು ಕಟ್ಟಿದ್ದ ಕಡತದಿಂದ ತನ್ನ ಹೇಳಿಕೆಯ ಹಾಳೆ ತೆಗೆದು ಅದಕ್ಕೆ ಅಡ್ಡಗೆರೆ ಎಳೆದ. ಕಾನ್‌ಸ್ಟೇಬಲ್ ಪುಸ್ತಕದ ಪುಟವನ್ನು ಅದರ ಜಾಗಕ್ಕೆ ಪಿನ್ನು ಮಾಡಿದ. ವ್ಯಾನಿನ ಚಾಲಕನಿಗೆ ಕೈ ಬೀಸಿ ಹೋಗೆಂದ. ಆಮೇಲೆ ಹೊರಗೆ ಬಂದು ಬೆಂಚಿನೆದುರು ನಿಂತ.

"ನನ್ನಿಂದ ತಪ್ಪಾಯ್ತಮ್ಮ. ಮನೆಗೆ ಹೋಗಿ."

ಜಗಲಿಯಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಅಂಬಿಗರು ಬೆಂಚಿನ ಸುತ್ತ ಮುತ್ತಿದರು. ಒಬ್ಬ ಕಾನ್‌ಸ್ಟೇಬಲ್‌ನ ಬೆನ್ನು ತಟ್ಟಿದ. "ಮುದ್ದು ಅಕ್ಷರ ಬದುಕಿಸ್ತು ನೋಡಪ್ಪ." ಕಾನ್‌ಸ್ಟೇಬಲ್ ಕಿವಿಯವರೆಗೂ ನಗುತ್ತ, "ನಂಗೆ ಸಾರಾಂಶ ಬರೆಯೋಕೆ ಬರಲ್ಲ, ಅದಕ್ಕೆ ಹೇಳಿದ್ದನ್ನೇ ಬರೆದೆ," ಅಂದ. "ಅದು ಬರದೇ ಇರೋದೇ ದೊಡ್ಡ ವಿದ್ಯೆ," ಅಂದರು ಸ್ಟೆನೋ ಅಮ್ಮ. ಕಿರಿಯವಳು ಅವರ ಎರಡೂ ಕೈ ಹಿಡಿದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ.

"ಮೊದಲ ದಿನವೇ ಆ ಮಾತು ನಂಗೆ ಹೇಳಿದ್ರೆ ನಾನೇ ಬಿಡಿಸಿ ಹೇಳ್ತಿದ್ದೆ ಅಮ್ಮಾ. ನಮ್ಮಪ್ಪ ಅಂಬಿಗ ಅಲ್ವಾ. ಅಕ್ಕ ತಂಗಿ ನೋಡ್ಕೊಂಡೇ ನಾವು ಬೆಳೆದಿದ್ದು."

ಸ್ಟೆನೋ ಅಮ್ಮನ ನಗು ಅರ್ಧಕ್ಕೇ ನಿಂತಿತು.

ಅವರು ಇನ್‌ಸ್ಪೆಕ್ಟರ್‌ನ ಪಕ್ಕಕ್ಕೆ ಸರಿದು ಮೆಲ್ಲಗೆ ಕೇಳಿದರು. "ಆ ಮೂರು ಮಾತು ನೀವು ಯಾರಿಗೂ ಓದಿ ಹೇಳಲಿಲ್ಲ, ಅಲ್ವಾ?"

"ಆರೋಪಿಗೆ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ ಇವರಕ್ಕನಿಗೆ ಓದಿ ಹೇಳಿದ್ದೆ. ಮುಚ್ಚಿಹಾಕಿದ್ದು ನಿಜಾನಾ ಅಂತ ಕೇಳಿದೆ. ಒಂದು ಮಾತೂ ಆಡಲಿಲ್ಲ. ಅತ್ತರು, ಅಷ್ಟೆ."

ಅಷ್ಟರಲ್ಲಿ ಮೆಟ್ಟಿಲ ಬಳಿ ಮೊಣಕೈಯವರೆಗೂ ಬೆಳ್ಳಗಿದ್ದ ಒಬ್ಬ ಬಂದು ನಿಂತ. ಸುಣ್ಣ ಬಳಿಯುವವನು. ಇಷ್ಟು ಜನ ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಬೆಪ್ಪಾಗಿದ್ದ. ಸ್ಟೆನೋ ಅಮ್ಮ ಅವನನ್ನು ಗದ್ದಲದಿಂದ ದೂರಕ್ಕೆ, ಹನ್ನೆರಡನೆಯ ಕಮಾನಿನಾಚೆಗೆ ಕರೆದೊಯ್ದರು.

"ಸೋಮವಾರ ಐಸ್ ಕಾರ್ಖಾನೆ ಮೂಲೆಗೆ ಸುಣ್ಣ ಹೊಡೆದೋನು ನೀನೇನಾ?"

"ಹೌದಮ್ಮ. ಮಧ್ಯಾಹ್ನ. ಕಂಬಕ್ಕೆ ಮೊದಲು ಬೂದು ಬಣ್ಣ ಹಿಡಿಸು, ಒಣಗಿದ ಮೇಲೆ ಸುಣ್ಣ ಕೊಡು, ಬಾಳಿಕೆ ಬರುತ್ತೆ ಅಂದ್ರು. ಮಂಗಳವಾರ ಸುಣ್ಣ ಕೊಟ್ಟೆ. ಮೂಲೆ ಚೆನ್ನಾಗಿ ಕಾಣ್ತಿಲ್ಲ, ತೊಳೆದುಬಿಡು ಅಂದ್ರು, ತೊಳೆದೆ. ಏನಾದ್ರೂ ತಪ್ಪಾಯ್ತಾ?"

"ಯಾರು ಅಂದಿದ್ದು?"

"ಅಕ್ಕ."

"ಕಂಬ ಮಾತಾಡಲ್ಲಪ್ಪ."

"ಕಂಬ ಯಾಕೆ ಮಾತಾಡುತ್ತೆ?" ಅವನಿಗೆ ತಮಾಷೆ ತಿಳಿಯಲಿಲ್ಲ. "ವಸತಿಗೃಹದ ಅಕ್ಕಾವ್ರು. ಕಂಬದ ಉಸ್ತುವಾರಿ ಅವರಪ್ಪನ ಕಾಲದಿಂದ ಅವರ ಮನೇದೇ ಅಲ್ವಾ. ಅವರು ಹೇಳಿದ್ರೆ ನಾನು ಮರುಮಾತಾಡ್ತೀನಾ?"

ಸಮುದ್ರದ ಗಾಳಿ ಜಗಲಿಯುದ್ದಕ್ಕೂ ಬೀಸಿತು. ಆ ಸಂಜೆಯ ದೋಣಿಯಲ್ಲಿ ಬರುತ್ತೇನೆಂದು ಹೇಳಿ ಹೋದವಳು ಕಿರಿಯವಳು. ಅದು ಗೊತ್ತಿದ್ದದ್ದು ಸ್ಟೆನೋ ಅಮ್ಮನನ್ನು ಬಿಟ್ಟರೆ ಮನೆಯಲ್ಲಿದ್ದ ಹಿರಿಯವಳಿಗೆ ಮಾತ್ರ. ಒಂದು ಕೈಗೂಸು ಅಳದೆ ಸುಮ್ಮನಿದ್ದಿದ್ದರೆ? ಇಬ್ಬರು ಒಡತಿಯರ ವಸತಿಗೃಹಕ್ಕೆ ಈಗ ಒಬ್ಬಳೇ ಒಡತಿ ಉಳಿಯುತ್ತಿದ್ದಳು.

ಸ್ಟೆನೋ ಅಮ್ಮ ತಿರುಗಿ ನೋಡಿದರು. ಹಿರಿಯವಳು ಒರಗಿ ನಿಂತಿದ್ದ ಜಾಗ ಖಾಲಿಯಿತ್ತು. ಈ ಗದ್ದಲದಲ್ಲಿ ಅವಳು ಯಾವಾಗ ಹೊರಟುಹೋದಳೆಂದು ಯಾರೂ ನೋಡಿರಲಿಲ್ಲ.

ಮತ್ತೆ ಕಂಡದ್ದು ಮೆಟ್ಟಿಲ ಮೇಲೆ. ಮನೆಗೆ ಹೋಗಿ ಬಂದಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅಂಬಿಗರು ದಾರಿ ಬಿಟ್ಟರು. ಅವಳು ನೇರ ಬೆಂಚಿನ ಬಳಿ ನಡೆದು, ಬಟ್ಟೆಯಲ್ಲಿ ಸುತ್ತಿದ್ದ ಡಬ್ಬಿ ಬಿಚ್ಚಿ, ಮುಚ್ಚಳ ತೆಗೆದಳು. ಬಿಸಿ ಊಟದ ಹಬೆ ಎದ್ದಿತು.

ಅದನ್ನು ತಂಗಿಯ ತೊಡೆಯ ಮೇಲಿಟ್ಟಳು.